ನಕ್ಷತ್ರದ ಮರಿಗೆ ಅವ್ವನ ದನಿ

ಬೇಗೂರು ಕಾಡಿನಂಚಿನ ರೆಸಾರ್ಟಿನಲ್ಲಿ ಸುನಿತ ಕಕ್ಕಸು ತಿಕ್ಕುತ್ತಿದ್ದಾಗ, ಸತ್ತುಹೋದ ಅವ್ವ ಊಟಕ್ಕೆ ಕರೆದಳು.

"ಬಾ ಮಗಾ, ಹಸ್ದಿದ್ದೀಯ, ಬಾ."

ಕೈಯಲ್ಲಿದ್ದ ಬ್ರಷ್ ಜಾರಿತು. ಅವ್ವ ಕಾರ್ತು ತೀರಿಕೊಂಡದ್ದು ಹೋದ ಮಳೆಗಾಲದಲ್ಲಿ. ಜ್ವರ ಏರಿ, ಜೀಪು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಹಾಡಿಯ ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ.

ಸುನಿತ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಮೈಸೂರಿನಿಂದ ಬಂದಿದ್ದವರ ಮಗಳು ಮಂಚದ ಮೇಲೆ ಮೊಬೈಲ್ ಹಿಡಿದು ಕೂತಿದ್ದಳು. ಪರದೆಯ ತುಂಬ ಕಪ್ಪು ಆಕಾಶ. ನಡುವೆ ಚುಕ್ಕಿಗಳಿಂದಾದ ಒಂದು ಆನೆಮರಿ. ಹುಡುಗಿ ಬೆರಳಿನಿಂದ ನಕ್ಷತ್ರವೊಂದನ್ನು ಎಳೆದು ಅದರ ಬಾಯಿಗಿಟ್ಟಳು. ಮರಿ ತಿಂದು ಕಣ್ಣು ಮುಚ್ಚಿತು.

"ನಾನೇ ಸಾಕಿರೋದು ಆಂಟಿ. ಇದಕ್ಕೆ ಹಸಿವಾದ್ರೆ ಆಟದೊಳಗಿನ ಅಜ್ಜಿ ಕರೀತಾಳೆ."

"ಇನ್ನೊಂದ್ಸಲ ಕರೆಸವ್ವ."

"ಈಗ ಹೊಟ್ಟೆ ತುಂಬಿದೆ. ಮತ್ತೆ ಹಸಿವಾಗ್ಬೇಕು."

ಸುನಿತ ಬಾಗಿಲ ಬಳಿ ನೆಲದ ಮೇಲೆ ಕೂತಳು. ಮರಿಗೆ ಹಸಿವಾಗಲಿ ಎಂದು ಕಾದಳು. ಹುಡುಗಿಯ ತಾಯಿ ಹೆದರಿ ಮ್ಯಾನೇಜರ್ ಮೋಹನನ್‌ಗೆ ಫೋನ್ ಮಾಡಿದಳು. ಅವನು ಬಂದವನೇ ಸುನಿತಳನ್ನು ಎಬ್ಬಿಸಿ, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ.

ಎರಡು ವರ್ಷದ ಹಿಂದೆ ಹಾಡಿಗೆ ಶಿಬು ಎಂಬವನನ್ನು ಕರೆತಂದವನು ಇದೇ ಮೋಹನನ್. ಶಿಬು ಮೊಬೈಲ್ ಆಟ ಮಾಡುವ ಕಂಪನಿಯ ಮಲಯಾಳಿ. ಕಾರ್ತು ಅಂಗಳದಲ್ಲಿ ಕೂತು ಅವನಿಗೆ ಆಕಾಶ ತೋರಿಸಿದ್ದಳು. ಯಾವ ಚುಕ್ಕಿಗಳು ಸೇರಿದರೆ ತಾಯಿ ತಪ್ಪಿದ ಆನೆಮರಿ, ಯಾವುದು ಬರ್ಕ ಎಂಬ ಪುಟ್ಟ ಜಿಂಕೆ, ಅವನ್ನು ಊಟಕ್ಕೆ ಹೇಗೆ ಕರೆಯಬೇಕು, ಎಲ್ಲ ಹೇಳಿದ್ದಳು. ಅವನು ಎಲ್ಲವನ್ನೂ ಮೊಬೈಲಿನಲ್ಲಿ ತುಂಬಿಸಿಕೊಂಡು, ಒಂದು ಕಂಬಳಿ ಕೊಟ್ಟು ಹೋಗಿದ್ದ.

ಅತಿಥಿಗಳಿಗೆ ಆಟ ತೋರಿಸಲು ಈ ವಾರ ಶಿಬುವೂ ರೆಸಾರ್ಟಿನಲ್ಲೇ ಇದ್ದ. ಸುನಿತ ಊಟದ ಮನೆಯ ಮುಂದೆ ಅವನನ್ನು ತಡೆದಳು.

"ಶಿಬು ಚೇಟ್ಟ, ಅವ್ವನ ದನಿ ನನ್ ಮೊಬೈಲಿಗೆ ಹಾಕ್ಕೊಡಿ. ಬೇರೇನೂ ಬ್ಯಾಡ."

"ಅದು ಕಂಪನಿದು. ಮುಂದಿನ ವಾರದಿಂದ ಆಟದಲ್ಲೂ ಇರಲ್ಲ. ಆಕೆಯ ಮಾತು ಜನಕ್ಕೆ ಅರ್ಥ ಆಗ್ತಿಲ್ಲ. ಬೇರೆಯವರ ಹತ್ರ ಹೇಳಿಸಿದೀವಿ."

"ಹಂಗಾರೆ ನಿಮಗೆ ಬ್ಯಾಡ್ವಲ್ಲ. ನಂಗೆ ಕೊಡಿ."

"ಬೇಡದಿದ್ರೂ ಕಂಪನಿದೇ. ನಿಮ್ಮಮ್ಮ ಒಪ್ಪಿದ್ದಾರೆ, ವಿಡಿಯೋ ಇದೆ."

ಸುನಿತಳಿಂದ ವಿಷಯ ತಿಳಿದು ಮರುದಿನ ಹಾಡಿಯ ಹೆಂಗಸರೆಲ್ಲ ಕೂಲಿ ಬಿಟ್ಟು ಗೇಟಿನ ಮುಂದೆ ಬಂದು ಕೂತರು. ಆ ವಿಡಿಯೋ ತೋರಿಸಿ ಎಂದರು. ಕಾರುಗಳು ಒಳಗೂ ಹೋಗಲಾರದೆ ಹೊರಗೂ ಬರಲಾರದೆ ನಿಂತವು. ಕೊನೆಗೆ ಮೋಹನನ್ ಶಿಬುವನ್ನು ಕರೆಸಿದ.

"ತೋರ್ಸಿಬಿಡು, ಎದ್ದು ಹೋಗ್ಲಿ."

ಶಿಬು ಗೇಟಿನ ಸರಳುಗಳ ನಡುವೆ ಮೊಬೈಲ್ ಹಿಡಿದ. ಪರದೆಯಲ್ಲಿ ಕಾರ್ತು ಅಂಗಳದಲ್ಲಿ ಕೂತಿದ್ದಳು. ಎಲೆಯಡಿಕೆ ಅಗಿಯುತ್ತಾ ಹೇಳಿದಳು:

"ಹೂಂ, ತಗೊಂಡೋಗು. ನಮ್ಮ ಹಾಡಿ ಮಕ್ಳು ಇದ್ನೆಲ್ಲ ಮರೀತಾವೆ. ಮೊದ್ಲು ಅವಕ್ಕೆ ಕೊಡು. ಆಮೇಲೆ ಯಾರಿಗ್ ಬೇಕಾದ್ರೂ ಕೊಡು."

ಹಾಡಿಯ ಒಂದು ಮಗುವೂ ಆ ಆಟವನ್ನು ನೋಡಿರಲಿಲ್ಲ.

"ಒಪ್ಪಿದ್ದು ಕೇಳಿದ್ರಲ್ಲ," ಎಂದ ಶಿಬು. ಅವನ ದನಿ ಸಣ್ಣಗಾಗಿತ್ತು.

"ಮೊದ್ಲು ಯಾರಿಗೆ ಅಂದ್ಲು?" ಸುನಿತ ಕೇಳಿದಳು.

ಅವನು ಮೊಬೈಲನ್ನು ಜೇಬಿಗಿಳಿಸಿದ. ಆಗಲೇ ಮೋಹನನ್ ಸುನಿತಳ ಪಕ್ಕದಲ್ಲಿದ್ದ ಹಾಡಿಯ ಲೀಲಳನ್ನು ನೋಡಿದ್ದು. ಅವಳ ಕೈಯಲ್ಲಿ ಗಾಜು ಒಡೆದ ಹಳೇ ಮೊಬೈಲ್. ಶಿಬು ತೋರಿಸಿದ್ದನ್ನೆಲ್ಲ, ಕಾರ್ತುವಿನ ದನಿಯನ್ನೂ, ಅದು ಹಿಡಿದುಕೊಂಡಿತ್ತು.

"ಅದನ್ನ ಅಳಿಸು," ಎಂದ ಮೋಹನನ್. "ಕಂಪನಿ ವಿಡಿಯೋ ಅದು. ಪೊಲೀಸ್ರನ್ನ ಕರೀತೀನಿ."

"ಕರೀರಿ," ಎಂದಳು ಸುನಿತ.

ಜೀಪು ಬಂತು. ಪೊಲೀಸಿನವನು ಇಳಿದು ಲಾಠಿಯಿಂದ ಗೇಟು ತಟ್ಟಿದ.

"ಯಾರೇ ಅವಳು ಕದ್ದೋಳು?"

ಲೀಲ ಮೊಬೈಲನ್ನು ರವಿಕೆಯೊಳಗೆ ತುರುಕಿಕೊಂಡಳು. ಸುನಿತ ಎದ್ದು ಬಂದು ಅವಳ ಮುಂದೆ ಕೂತಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಸರಿದು ಬಂದು ಲೀಲಳ ಸುತ್ತ ಒತ್ತಾಗಿ ಕೂತರು. ಯಾರ ಕಾಲೂ ಕದಲಲಿಲ್ಲ.