ಕಾಲು ತೊಳೆಯುವ ಗುರುವಾರ

ಮರುಳಸಿದ್ದಮ್ಮನಿಗೆ ಬಿ.ಪಿ. ಇರಲಿಲ್ಲ, ಶುಗರ್ ಇರಲಿಲ್ಲ. ಇದ್ದದ್ದು ಕುತೂಹಲ ಒಂದೇ, ಅದಕ್ಕೆ ಇನ್ನೂ ಯಾರೂ ಮಾತ್ರೆ ಕಂಡುಹಿಡಿದಿಲ್ಲ. ನಿಜಲಿಂಗಪ್ಪ ಬಡಾವಣೆಯ ಆ ಬೀದಿಯಲ್ಲಿ ಯಾರ ಮನೆ ಮುಂದೆ ಹೊಸ ಕಾರು ನಿಂತರೂ, ಯಾರು ಬಂದರು, ಯಾಕೆ ಬಂದರು ಅಂತ ತಿಳಿಯುವ ತನಕ ಆಕೆಗೆ ತುತ್ತು ಇಳಿಯುತ್ತಿರಲಿಲ್ಲ. ಗಂಡ ಬಕ್ಕೇಶಪ್ಪ ಅಕ್ಕಿ ಮಂಡಿಯ ವ್ಯಾಪಾರಿ. ಹೆಂಡತಿಯ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲೆಂದೇ ಭಾನುವಾರವೂ ಅಂಗಡಿಗೆ ಹೋಗುತ್ತಾನೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು.

ಇಂಥವಳ ಅಡುಗೆಮನೆಯಲ್ಲಿ ಲೂರ್ದಮ್ಮ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಬಾಯಿ ಬಿಟ್ಟಳು. ಲೂರ್ದಮ್ಮ ಹರಿಹರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಪಾತ್ರೆ ತೊಳೆಯಲು ಸೇರಿದವಳು ಕೈಗುಣದಿಂದ ಒಲೆಯವರೆಗೂ ಬಂದಿದ್ದಳು.

“ಮುಂದಿನ ಗುರುವಾರ ನಮ್ಮ ಚರ್ಚಿನಾಗೆ ಸ್ವಾಮೇರು ಹನ್ನೆರಡು ಜನರ ಕಾಲು ತೊಳೀತಾರ್ರಿ. ಈ ಸಲ ನನ್ನ ಹೆಸರೂ ಹೇಳ್ಯಾರೆ. ನಾ ಒಲ್ಲೆ ಅಂತ ಹೇಳಿ ಕಳಿಸ್ತೀನಿ.”

ಮರುಳಸಿದ್ದಮ್ಮ ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. “ನೀವು ಅವರ ಕಾಲು ತೊಳೆಯೋದಲ್ಲೇನೆ?”

“ಅಲ್ರಿ. ಅವ್ರು ನಮ್ಮವು.”

“ಗುರುಗಳು?”

“ಹ್ಞೂಂರಿ.”

“ನಿನ್ನವು?”

“ಹ್ಞೂಂರಿ ಅಮ್ಮಾರೆ.”

ಮರುಳಸಿದ್ದಮ್ಮನಿಗೆ ಲೋಕವೇ ತಲೆಕೆಳಗಾದಂತಾಯಿತು. ಮಠದ ಸ್ವಾಮಿಗಳು ಮನೆಗೆ ಬಂದರೆ ಮಣೆ ಹಾಕಿ, ಬೆಳ್ಳಿ ತಟ್ಟೆಯಲ್ಲಿ ಅವರ ಪಾದವಿರಿಸಿ, ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ, ಆ ನೀರನ್ನು ಕಣ್ಣಿಗೊತ್ತಿಕೊಂಡು ಬೆಳೆದವಳು ಆಕೆ. ಗುರು ಕೂರುತ್ತಾನೆ, ಭಕ್ತ ಬಗ್ಗುತ್ತಾನೆ. ಗುರುವೇ ಬಗ್ಗಿಬಿಟ್ಟರೆ ಅವನ ದೊಡ್ಡತನಕ್ಕೆ ಉಳಿಯುವುದೇನು?

“ಯೇಸುಸ್ವಾಮಿ ಸಾಯೋ ಹಿಂದಿನ ದಿನ ಶಿಷ್ಯರ ಕಾಲು ತೊಳದ್ರಂತ್ರಿ. ನೀವೂ ಹಿಂಗೇ ಒಬ್ಬರದು ಒಬ್ಬರು ತೊಳೀರಿ ಅಂದ್ರಂತೆ. ಒಬ್ಬ ಶಿಷ್ಯ ಮಾತ್ರ, ನೀವು ನನ್ನ ಕಾಲು ಮುಟ್ಟೋದು ಬ್ಯಾಡ ಅಂದನಂತೆ.”

“ಸರಿಯಾಗೇ ಅಂದಾನೆ. ಮರ್ಯಾದಸ್ತ,” ಅಂದಳು ಮರುಳಸಿದ್ದಮ್ಮ. “ಅದಿರ್ಲಿ, ನೀ ಯಾಕ ಒಲ್ಲೆ ಅಂತೀಯ?”

ಲೂರ್ದಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚತೊಡಗಿದಳು. ಮರುಳಸಿದ್ದಮ್ಮನ ಕುತೂಹಲಕ್ಕೆ ಅಷ್ಟೇ ಸಾಕಾಯಿತು. ಮರುದಿನ ಚಹಾದ ಹೊತ್ತಿಗೆ ಕೇಳಿದಳು, ಅದರ ಮರುದಿನ ಸೊಪ್ಪು ಬಿಡಿಸುವಾಗ ಕೇಳಿದಳು. “ಹೋಗಬೇಕು ಅಂತ ಆಸೆ ಐತೋ ಇಲ್ಲೋ, ಅದಾದ್ರೂ ಹೇಳು.”

“ಐತ್ರಿ,” ಅಂದಳು ಲೂರ್ದಮ್ಮ. ಅವಳ ದನಿ ಸಣ್ಣಗಾಯಿತು. “ನಮ್ಮವ್ವ ಸಾಯೋ ತನಕ ಕಾಲು ತೊಳಸ್ಕಳ್ಳೋರು ಕೂರೋ ಆ ಕುರ್ಚಿ ನೋಡ್ತಾ ನೋಡ್ತಾ ಸತ್ಲು. ಮೊದಲೆಲ್ಲ ಹೆಣ್ಮಕ್ಕಳನ್ನ ಕೂರಿಸ್ತಿರಲಿಲ್ಲ. ಈಗ ಕರದಾರೆ. ಆದ್ರೆ ಹೆಂಗೆ ಹೋಗ್ಲಿ?”

ಹೇಳುತ್ತಾ ಸೀರೆಯ ಅಂಚನ್ನು ತುಸು ಮೇಲೆತ್ತಿದಳು. ಹಿಮ್ಮಡಿಗಳು ಬಿರಿದು ಒಳಗಿನ ಕೆಂಪು ಕಾಣುತ್ತಿತ್ತು. ಬೆರಳ ಸಂದುಗಳು ನೀರಿಗೆ ಕೊಳೆತು ಬೆಳ್ಳಗಾಗಿದ್ದವು. ಇಷ್ಟು ವರ್ಷ ಅವೇ ಕಾಲುಗಳು ಇದೇ ಮನೆಯಲ್ಲಿ ಓಡಾಡಿದ್ದವು. ಬೀದಿಯ ಕೊನೆಯ ಮನೆಯ ಸಮಾಚಾರವನ್ನೂ ಬಿಡದ ಮರುಳಸಿದ್ದಮ್ಮ ಅವನ್ನು ನೋಡಿಯೇ ಇರಲಿಲ್ಲ.

“ಅಯ್ಯೋ ಶಿವನೆ! ಯಾವುದರಿಂದ ಆತೇ ಇದು?”

ಲೂರ್ದಮ್ಮ ನೆಲ ನೋಡಿದಳು. “ಒದ್ದೆ ಕಲ್ಲಿನ ಮ್ಯಾಲೆ ಬರಿಗಾಲಲ್ಲಿ ನಿಂತು ನಿಂತು ಹಿಂಗಾತ್ರಿ. ಒಳಗೆ ಚಪ್ಪಲಿ ಹಾಕಂಗಿಲ್ಲಲ್ರಿ.”

ಹಾಕುವಂತಿರಲಿಲ್ಲ. ಅಡುಗೆಮನೆಗೆ ಚಪ್ಪಲಿ ಸಲ್ಲದು ಎಂಬುದು ಅತ್ತೆಯ ಕಾಲದ ಕಟ್ಟು, ಮರುಳಸಿದ್ದಮ್ಮ ಅದನ್ನು ಅತ್ತೆಗಿಂತ ಬಿಗಿಯಾಗಿ ನಡೆಸಿಕೊಂಡು ಬಂದಿದ್ದಳು. ತಾನಾದರೋ ಒಳಗೆ ಬಂದಾಗ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ತರಕಾರಿ ಹೆಚ್ಚುವವಳು. ಆಕೆಗೆ ಮುಖದ ಮೇಲೆ ಹೊಡೆದಂತಾಯಿತು. ಹಾಗಂತ ಒಪ್ಪಿಕೊಳ್ಳುವ ಹೆಣ್ಣಲ್ಲ. “ಮೊದಲೇ ಹೇಳಾಕೆ ನಿನಗೇನಾಗಿತ್ತು ಧಾಡಿ?” ಅಂತ ಗದರಿ, ಮೆಡಿಕಲ್ ಶಾಪಿನಿಂದ ಮುಲಾಮು ತರಿಸಿಕೊಟ್ಟು, “ಹೋಗಲೇಬೇಕು ನೀನು. ನಾನೂ ಬರ್ತೀನಿ, ಅದೇನು ಅಂತ ನೋಡೇ ಬಿಡ್ತೀನಿ,” ಅಂದಳು. ಮಂಡಿಗೆ ಹೊರಟಿದ್ದ ಬಕ್ಕೇಶಪ್ಪ ಬಾಗಿಲಲ್ಲೇ ನಿಂತು, “ಯಾರೋ ಯಾರದೋ ಕಾಲು ತೊಳೆದ್ರೆ ನಿಂಗೇನೇ?” ಎಂದು ಕೇಳಿದ.

ಮುಲಾಮು ನಾಲ್ಕಾರು ದಿನದಲ್ಲಿ ಮಾಡುವಷ್ಟು ಮಾಡಿತ್ತು, ಅಂದರೆ ಏನೂ ಮಾಡಿರಲಿಲ್ಲ. ಗುರುವಾರ ಸಂಜೆ ಇಬ್ಬರೂ ಬಸ್ಸಿನಲ್ಲಿ ಹರಿಹರಕ್ಕೆ ಬಂದರು. ಚರ್ಚು ತುಂಬಿತ್ತು. ಹೆಂಗಸರ ಸಾಲಿನಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದವಳು ಮರುಳಸಿದ್ದಮ್ಮ ಒಬ್ಬಳೇ, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮುಂದೆ ಹನ್ನೆರಡು ಕುರ್ಚಿ. ಹಮಾಲಿಗಳು, ಆಟೋದವನು, ಬೀದಿ ಗುಡಿಸುವ ಹೆಂಗಸು ಕೂತಿದ್ದರು, ತುದಿಯಲ್ಲಿ ಲೂರ್ದಮ್ಮ. ಎಲ್ಲರೂ ಮನೆಯಲ್ಲೇ ಕಾಲನ್ನು ಚೆನ್ನಾಗಿ ತಿಕ್ಕಿ ತೊಳೆದುಕೊಂಡು ಬಂದಿದ್ದರು. ತೊಳೆದ ಕಾಲನ್ನೇ ತೊಳೆಸಿಕೊಳ್ಳುವುದಾ ಅಂತ ಮರುಳಸಿದ್ದಮ್ಮನಿಗೆ ನಗು ಬಂತು.

ಸ್ವಾಮೇರು ಜರಿಯ ಮೇಲಂಗಿ ಕಳಚಿಟ್ಟರು. ಸೊಂಟಕ್ಕೆ ಟವೆಲು ಕಟ್ಟಿಕೊಂಡು ಮಂಡಿಯೂರಿದರು. ಐವತ್ತು ದಾಟಿದ ಸ್ಥೂಲದೇಹದವರು, ಒಬ್ಬೊಬ್ಬರ ಬಲಗಾಲಿಗೂ ನೀರೆರೆದು, ಒರೆಸಿ, ಬಗ್ಗಿ ಮುತ್ತಿಟ್ಟು, ಉಸ್ಸೆನ್ನುತ್ತಾ ಮುಂದಿನವರ ಕಡೆ ಸರಿಯುತ್ತಿದ್ದರು. ಮರುಳಸಿದ್ದಮ್ಮ ಕತ್ತು ಉದ್ದ ಮಾಡಿ ನೋಡಿದಳು. ಅವರ ದೊಡ್ಡತನ ಎಲ್ಲಿ ಕಡಿಮೆಯಾಗುತ್ತದೆ ಅಂತ ಕಾದು ನೋಡಿದಳು. ಆಗುವ ಹಾಗೆ ಕಾಣಲಿಲ್ಲ.

ಲೂರ್ದಮ್ಮನ ಸರದಿ ಬಂತು. ಸ್ವಾಮೇರು ಕೈ ಚಾಚಿದರು. ಲೂರ್ದಮ್ಮ ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಸೀರೆ ಮುಚ್ಚಿಬಿಟ್ಟಳು. “ಕೊಡಮ್ಮ,” ಅಂದರು ಅವರು. ಅವಳು ತಲೆ ಅಲ್ಲಾಡಿಸಿದಳು. ಹಾಡುತ್ತಿದ್ದವರ ಹಾಡು ಮುಗಿಯಿತು, ಎಲ್ಲರ ಕಣ್ಣೂ ಅಲ್ಲಿಗೇ ತಿರುಗಿತು. ತಾಯಿ ಕಾದು ಕಾದು ಸತ್ತ ಕುರ್ಚಿಯಿಂದ ಅವಳು ಏಳಲು ಹೊರಟಿದ್ದಳು.

ಮರುಳಸಿದ್ದಮ್ಮ ಎದ್ದಳು. ಎದ್ದದ್ದು ಆಕೆಗೇ ಗೊತ್ತಾಗಲಿಲ್ಲ. ನಡುವಿನ ದಾರಿಯಲ್ಲಿ ದಡದಡ ನಡೆದುಹೋಗಿ, ಸ್ವಾಮೇರ ಪಕ್ಕದಲ್ಲಿ, ರೇಷ್ಮೆ ಸೀರೆಯಲ್ಲೇ, ನೆಲದ ಮೇಲೆ ಕೂತುಬಿಟ್ಟಳು.

“ಅಮ್ಮಾರೆ, ಬ್ಯಾಡ್ರಿ! ಎಲ್ಲಾರೂ ನೋಡ್ತದಾರೆ!”

“ನೋಡ್ಲಿ ಬಿಡು. ನಾನು ನೋಡದೇ ಇದ್ದದ್ದು ಸಾಕು.” ಸೀರೆಯಡಿಯಿಂದ ಬಲಗಾಲನ್ನು ತಾನೇ ಹಿಡಿದು ಬೋಗುಣಿಗೆ ತಂದಳು. “ನೀರು ಹಾಕ್ರಿ ಸ್ವಾಮೇರೆ.”

ಸ್ವಾಮೇರು ಒಂದು ಗಳಿಗೆ ಆಕೆಯ ಹಣೆಯ ವಿಭೂತಿ ನೋಡಿದರು. ಆಮೇಲೆ ಏನೂ ಕೇಳದೆ ತಂಬಿಗೆ ಬಗ್ಗಿಸಿದರು. ಮರುಳಸಿದ್ದಮ್ಮ ತೊಳೆದಳು. ಒಂದೊಂದು ಬಿರುಕೂ ಬೆರಳಿಗೆ ಸಿಗುತ್ತಿತ್ತು, ಆಕೆಗೆ ನಾಚಿಕೆಯಿಂದ ಅಳು ಬಂತು, ಅತ್ತಳು. ಸ್ವಾಮೇರು ಸೊಂಟದ ಟವೆಲು ಬಿಚ್ಚಿ ಕೊಟ್ಟರು. ಬೆರಳ ಸಂದುಗಳನ್ನು ಒರೆಸಿ, ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಆಕೆ ಇನ್ನೊಂದು ಕಾಲಿಗೆ ಕೈ ಹಾಕಿದಳು.

“ಒಂದೇ ಕಾಲಮ್ಮ,” ಅಂದರು ಸ್ವಾಮೇರು ಮೆತ್ತಗೆ. “ನಮ್ಮಲ್ಲಿ ಪದ್ಧತಿ ಹಾಗೆ.”

“ಎರಡೂ ನಮ್ಮ ಮನ್ಯಾಗೇ ಒಡೆದಿರೋದು ಸ್ವಾಮೇರೆ,” ಅಂದಳು ಮರುಳಸಿದ್ದಮ್ಮ. “ನೀರು ಹಾಕ್ರಿ.”