ತಗಡಿಗೆ ತಾಗದ ಚೆಂಡು

ನನ್ನ ತಮ್ಮ ಮೊದಲ ಸಲ ಟೀವಿಯಲ್ಲಿ ಕಾಣಿಸಿಕೊಂಡಾಗ ನನ್ನ ಕೈಯಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರರ ತಲೆಯಿತ್ತು. ನಾನು ಕ್ಷೌರದಂಗಡಿ ಇಟ್ಟುಕೊಂಡವಳು. ಗಂಡಸರಿಗೂ ಕತ್ತರಿಸುತ್ತೇನೆ, ಹೆಂಗಸರಿಗೂ ಕತ್ತರಿಸುತ್ತೇನೆ, ನಾಲಿಗೆ ಕತ್ತರಿಗಿಂತ ಹರಿತ ಎಂದು ಹೇಳುವವರೂ ನನ್ನ ಅಂಗಡಿಗೇ ಬರುತ್ತಾರೆ. ಆ ದಿನ ಮ್ಯಾನೇಜರರ ಎಡಗಿವಿಯ ಮೇಲಿನ ಕೂದಲು ಬಲಗಡೆಗಿಂತ ಗಿಡ್ಡವಾಗಿ ಹೋಯಿತು. ಅವರಿಗೂ ಅದು ಗೊತ್ತಾಗಲಿಲ್ಲ. ಮೈಮೇಲೆ ಹೊದಿಸಿದ್ದ ಬಟ್ಟೆಯ ಸಮೇತ ಕುರ್ಚಿಯಿಂದ ಎದ್ದು ಟೀವಿ ಮುಂದೆ ನಿಂತುಬಿಟ್ಟಿದ್ದರು.

"ನಿಮ್ಮ ತಮ್ಮನೇನಮ್ಮಾ ಇವನು?"

"ಮತ್ತಿನ್ಯಾರು ಸಾರ್? ಮೂಗು ನೋಡಿ, ನಂದೇ. ಎತ್ತರ ಮಾತ್ರ ನನ್ನ ಪಾಲಿಂದೂ ಅವನೇ ಹೊಡ್ಕೊಂಡ."

ಬಾಸ್ಕೆಟ್‌ಬಾಲ್ ಕ್ಲಬ್ಬಿನವರು ಅವನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡಿದ್ದರು. ವರ್ಷದ ಕೊನೆಗೆ ಬೇಕೆನಿಸಿದರೆ ಇಟ್ಟುಕೊಳ್ಳುವುದು, ಬೇಡವೆನಿಸಿದರೆ ನಮಸ್ಕಾರ ಹೇಳುವುದು. ಮೊದಲ ಆಟಗಳಲ್ಲಿ ಅವನು ಬೆಂಚಿನಿಂದ ಎದ್ದು ಬಂದು ದೂರದಿಂದ ಎಸೆದ ಚೆಂಡೆಲ್ಲ ಬುಟ್ಟಿಗೆ ಬಿತ್ತು. ಬೇರೆಯವರ ಚೆಂಡು ಮೇಲಕ್ಕೇರಿ, ಕಮಾನಿನಂತೆ ಬಾಗಿ, ಮೇಲಿನಿಂದ ಇಳಿಯುತ್ತದೆ. ಇವನದು ಗೆರೆ ಎಳೆದ ಹಾಗೆ ನೇರ ಹೋಗಿ ಬುಟ್ಟಿಯ ಕಬ್ಬಿಣದ ಬಳೆಯೊಳಗೆ ನುಗ್ಗುತ್ತಿತ್ತು. ಟೀವಿಯಲ್ಲಿ ಮಾತಾಡುವವನು ಕುಣಿದಾಡಿಬಿಟ್ಟ. "ಇಂಥ ಹೊಡೆತ ನಾನು ನೋಡೇ ಇಲ್ಲ! ಇದು ಚೆಂಡಲ್ಲ, ಬಾಣ!" ಎಂದ. ಹೊಗಳಿ ಅಟ್ಟಕ್ಕೇರಿಸುವವರ ಕೈಯಲ್ಲೇ ಏಣಿ ತೆಗೆಯುವ ಕೆಲಸವೂ ಇರುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ನಾನೂ ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದೆ.

ಆ ಹೊಡೆತ ಎಲ್ಲಿಂದ ಬಂತು ಎಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ನಮ್ಮ ಮನೆ ಒಂದು ಕಾಲದ ಲಾರಿ ಶೆಡ್ಡು. ಹಿಂದಿನ ಅರ್ಧಕ್ಕೆ ಅಪ್ಪ ಗೋಡೆ ಎಬ್ಬಿಸಿ ಎರಡು ಕೋಣೆ, ಒಂದು ಅಡುಗೆಮನೆ ಮಾಡಿದ್ದ. ಮುಂದಿನ ಅರ್ಧ ಖಾಲಿ, ಮಣ್ಣುನೆಲ. ಎರಡಕ್ಕೂ ಮೇಲೆ ಒಂದೇ ತಗಡು. ಮುಂದೆ ತಗಡಿನ ಮೇಲೆ ಕಾಗೆ ಕೂತರೆ ಹಿಂದಿನ ಕೋಣೆಯಲ್ಲಿ ಗೊತ್ತಾಗುತ್ತಿತ್ತು. ಅಪ್ಪ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್. ಅಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸು. ಅವಳು ಬೆಳಿಗ್ಗೆ ಬಂದು ಕಾಲು ತೊಳೆದು ಮಲಗಿದರೆ ಆಮೇಲೆ ಮನೆಯಲ್ಲಿ ಪಾತ್ರೆ ಬೀಳುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ, ಸೀನು ಬಂದರೆ ಬೀದಿಗೆ ಓಡಬೇಕು. ಸದ್ದಿಲ್ಲದೆ ಜುಟ್ಟು ಹಿಡಿದು ಜಗಳವಾಡುವುದನ್ನು ನಾನೂ ತಮ್ಮನೂ ಕಲಿತದ್ದು ಹಾಗೆ.

ಹೈಸ್ಕೂಲಿಗೆ ಬರುವ ಮೊದಲೇ ಅವನು ಅಪ್ಪನ ತಲೆ ದಾಟಿದ್ದ. ಬೀದಿಯವರೆಲ್ಲ "ಏಣಿ" ಎಂದು ಕರೆಯತೊಡಗಿದರು. ಶಾಲೆಯ ಅಂಗಳಕ್ಕೆ ಬೆಳಿಗ್ಗೆ ಗಂಟೆ ಹೊಡೆಯುವವರೆಗೂ ಬೀಗ, ರಜೆಯಲ್ಲೂ ಬೀಗ, ಬೀದಿಯಲ್ಲಿ ವಾಹನಗಳ ಕಾಟ. ಅಪ್ಪ ಕಬ್ಬಿಣದ ಸರಳು ಬಗ್ಗಿಸಿ ಬಳೆ ಮಾಡಿ ಶೆಡ್ಡಿನ ಗೋಡೆಗೆ ಕೂಡಿಸಿದ. ನೆಲದಿಂದ ಬಳೆಗೆ ಸರಿಯಾಗಿ ಹತ್ತಡಿ, ಎಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಅಳತೆಪಟ್ಟಿ ಹಿಡಿದು ಬೀದಿಯವರಿಗೆಲ್ಲ ತೋರಿಸಿದ. ಬಳೆಯಿಂದ ತಗಡಿಗೆ ಎಷ್ಟಿದೆ ಎಂದು ಅಪ್ಪನೂ ಅಳೆಯಲಿಲ್ಲ, ನೋಡಲು ಬಂದವರೂ ಕೇಳಲಿಲ್ಲ. ಬಳೆಯ ಮೇಲೆ ಒಂದು ಮಗುವನ್ನು ನಿಲ್ಲಿಸಿದರೆ ಅದರ ತಲೆಗೆ ತಗಡು ತಾಗುತ್ತಿತ್ತು, ಅಷ್ಟೇ ಜಾಗ.

ಮೊದಲ ದಿನ ಬೆಳಿಗ್ಗೆಯೇ ಚೆಂಡು ಮೇಲೇರಿ ತಗಡಿಗೆ ಬಡಿಯಿತು. ಇಡೀ ಮನೆ ಢಣ್ಣೆಂದಿತು. ಅಮ್ಮ ಎದ್ದು ಬಂದು ಹೊಸಿಲ ಮೇಲೆ ಕೂತಳು. ಬೈಯಲಿಲ್ಲ. "ರಾತ್ರಿ ವಾರ್ಡಲ್ಲಿ ಒಂದು ಮಗು ಹೋಯ್ತು ಕಣೋ. ಈಗ ತಾನೆ ಕಣ್ಣು ಮುಚ್ಚಿದ್ದೆ," ಎಂದಷ್ಟೇ ಹೇಳಿದಳು. ಬೈದಿದ್ದರೆ ಮರುದಿನ ಮರೆತುಬಿಡುತ್ತಿದ್ದ.

ಆಮೇಲೆ ಚೆಂಡು ತಗಡಿಗೆ ತಾಗಲೇ ಇಲ್ಲ. ಅಪ್ಪ ಬಳೆಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ, ಕಬ್ಬಿಣಕ್ಕೆ ಬಡಿದರೂ ಸದ್ದಾಗದಿರಲಿ ಎಂದು. ಚೆಂಡು ನೆಲಕ್ಕೆ ಬೀಳದ ಹಾಗೆ ಬಳೆಯ ಕೆಳಗೆ ನಿಂತು ಹಿಡಿಯುವುದು ನನ್ನ ಕೆಲಸವಾಯಿತು. ತಮ್ಮ ಬೆರಳಿಂದ ಸನ್ನೆ ಮಾಡುತ್ತಿದ್ದ, ಎಸೆಯುತ್ತಿದ್ದ, ನಾನು ಹಿಡಿದು ಕೊಡುತ್ತಿದ್ದೆ. ವರ್ಷಗಟ್ಟಲೆ, ಮೂಕರ ಆಟದ ಹಾಗೆ. ತಗಡು ಮತ್ತು ಬಳೆಯ ನಡುವಿನ ಆ ಚಿಕ್ಕ ಸಂದಿಯಲ್ಲಿ ಚೆಂಡನ್ನು ತೂರಿಸುವುದು ಅವನ ಮೈಗೆ ಹತ್ತಿಬಿಟ್ಟಿತು. ಶಾಲೆಯಲ್ಲಿ, ಕಾಲೇಜಿನಲ್ಲಿ ಯಾರೂ ತಿದ್ದಲಿಲ್ಲ. ಅಲ್ಲಿ ಅವನ ಕೈಯೆತ್ತರಕ್ಕೆ ಎಟುಕುವವರೇ ಇರಲಿಲ್ಲ, ಬುಟ್ಟಿಗೆ ಬೀಳುತ್ತಿರುವ ಚೆಂಡನ್ನು ತಿದ್ದುವ ಮೂರ್ಖ ಯಾರು?

ಕ್ಲಬ್ಬುಗಳಲ್ಲಿ ಎಲ್ಲರೂ ಏಣಿಗಳೇ. ಕೆಲವು ಆಟ ಮುಗಿಯುವಷ್ಟರಲ್ಲಿ ಎದುರಾಳಿಗಳು ಅವನ ವಿಡಿಯೊ ನೋಡಿಕೊಂಡು ಬರತೊಡಗಿದರು. ಅವನ ಮುಂದೆ ನಿಂತು ಸುಮ್ಮನೆ ಕೈ ಮೇಲೆತ್ತಿದರೆ ಸಾಕಿತ್ತು, ನೇರ ಬಂದ ಚೆಂಡು ಅಂಗೈಗೇ ಬಡಿದು ವಾಪಸ್ಸು. ಒಂದು ಆಟದಲ್ಲಿ ಒಬ್ಬ ಅದನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕೇಬಿಟ್ಟ. ಬಾಣ ಎಂದಿದ್ದ ಟೀವಿಯವನು ಈಗ "ಹುಡುಗನಿಗೆ ಇದೊಂದೇ ವಿದ್ಯೆ ಅಂತ ಕಾಣುತ್ತೆ," ಎಂದ. ಅದೇ ಬಾಯಿ! ನಾನು ಟೀವಿ ಆರಿಸಿದೆ. ಗಿರಾಕಿಯೊಬ್ಬ "ಯಾಕಮ್ಮ, ಇರ್ಲಿ ಬಿಡಿ," ಎಂದ. ನೋಡಬೇಕಿದ್ದರೆ ನಿನ್ನ ಮನೆಗೆ ಹೋಗಿ ನೋಡು ಎಂದೆ. ಅವನು ಅರ್ಧ ಗಡ್ಡದಲ್ಲೇ ಎದ್ದು ಹೋದ, ಹೋಗಲಿ.

ಕೋಚ್ ಅವನಿಗೆ ಚೆಂಡನ್ನು ಎತ್ತರಕ್ಕೆ ಎಸೆಯಲು ಕಲಿಸಹೊರಟರು. ದಿನವೂ ಅಭ್ಯಾಸ ಮುಗಿದ ಮೇಲೆ ಅವನೊಬ್ಬನನ್ನೇ ನಿಲ್ಲಿಸಿಕೊಂಡು ಕಲಿಸಿದರು. ಎತ್ತರಕ್ಕೆ ಎಸೆದರೆ ಚೆಂಡು ಬಳೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಹೊಸದು ಕೈಗೆ ಹತ್ತಲಿಲ್ಲ, ಅದರ ಗೊಂದಲದಲ್ಲಿ ಹಳೆಯದೂ ಕೈಬಿಟ್ಟಿತು. ಫೋನು ಮಾಡಿದರೆ "ಚೆನ್ನಾಗಿದೀನಕ್ಕ, ಊಟ ಚೆನ್ನಾಗಿದೆ," ಎನ್ನುತ್ತಿದ್ದ. ಊಟದ ಬಗ್ಗೆ ಅವನು ಎಂದೂ ಮಾತಾಡಿದವನಲ್ಲ.

ಅಪ್ಪನನ್ನು ಕರೆದುಕೊಂಡು ಒಂದು ಆಟ ನೋಡಲು ಹೋದೆ. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅಕ್ಕಪಕ್ಕದವರಿಗೆಲ್ಲ "ನಮ್ಮ ಹುಡುಗ," ಎಂದು ಹೇಳುತ್ತಿದ್ದ. ಕೊನೆಗೂ ತಮ್ಮನನ್ನು ಇಳಿಸಿದರು. ಒಮ್ಮೆ ಅವನ ಕೈಗೆ ಚೆಂಡು ಬಂತು. ಎದುರಿಗೆ ಯಾರೂ ಇಲ್ಲ. ಅವನನ್ನು ಕಾಯುವ ಅಗತ್ಯವೇ ಇಲ್ಲವೆಂದು ಬಿಟ್ಟುಬಿಟ್ಟಿದ್ದರು. ಹೊಡಿ, ಹೊಡಿ ಎಂದು ಜನ ಕೂಗಿದರು. ಅವನು ಚೆಂಡನ್ನು ಅರ್ಧ ಎತ್ತಿದ. ಮೇಲೆ ನೋಡಿದ. ಅಷ್ಟೆತ್ತರದ ಛಾವಣಿ, ದೀಪಗಳು, ಇನ್ನೂ ನಾಲ್ಕು ಮನೆ ಒಂದರ ಮೇಲೊಂದು ಇಡಬಹುದಾದಷ್ಟು ಜಾಗ. ಅವನ ಭುಜ ಕುಗ್ಗಿತು, ಚೆಂಡನ್ನು ಪಕ್ಕದವನಿಗೆ ದಾಟಿಸಿಬಿಟ್ಟ. ಜನ ಹೋ ಎಂದು ನಕ್ಕರು. ಅಪ್ಪ ಪಕ್ಕದವರಿಗೆ ಬೆನ್ನು ತಿರುಗಿಸಿ ಶರ್ಟಿನ ತೋಳು ಮಡಚತೊಡಗಿದ.

ಆಟ ಮುಗಿದ ಮೇಲೆ ಕೋಚನ್ನು ಹುಡುಕಿಕೊಂಡು ಹೋದೆ. ಅವರಿಗೆ ಎರಡು ಮಾತು ಜಾಡಿಸಬೇಕೆಂದೇ ಹೋಗಿದ್ದು. ಅವರು ಖಾಲಿ ಬೆಂಚಿನ ಮೇಲೆ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು.

"ನೋಡಮ್ಮ, ಇಷ್ಟು ನಿಷ್ಠೆಯ ಹುಡುಗನ್ನ ನಾನು ನೋಡಿಲ್ಲ. ಹೇಳಿದ್ದೆಲ್ಲ ಮಾಡ್ತಾನೆ. ಆದ್ರೆ ಚೆಂಡು ಮೇಲಕ್ಕೆ ಹೋಗೋ ಹೊತ್ತಿಗೆ ಏನೋ ಹೆದರ್ಕೋತಾನೆ. ಪೆಟ್ಟು ಬೀಳುತ್ತೆ ಅನ್ನೋ ಹಾಗೆ ಕತ್ತು ಒಳಗೆ ಎಳ್ಕೋತಾನೆ. ಚಿಕ್ಕಂದಿನಲ್ಲಿ ಎಲ್ಲಿ ಆಡ್ತಿದ್ದ?"

ನಾನು ಶೆಡ್ಡಿನ ವಿಷಯ ಹೇಳಿದೆ. ತಗಡು, ಅಮ್ಮನ ನಿದ್ದೆ, ಎಲ್ಲ. ಅವರು ಉಜ್ಜಿಕೊಳ್ಳುವುದನ್ನು ನಿಲ್ಲಿಸಿದರು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗಲ್ಲ ಅಂತಾರೆ. ಇವನದು ಉಲ್ಟಾ. ಗಿಡದಲ್ಲೇ ಬಗ್ಗಿಸಿಬಿಟ್ಟಿದೀರಿ, ಈಗ ನೆಟ್ಟಗೆ ಮಾಡೋದು ನನ್ನ ಕೈಲಾಗ್ತಿಲ್ಲ. ಕ್ಲಬ್ಬಿನೋರು ಕಾಯಲ್ಲಮ್ಮ."

ಜಗಳವಾಡಲು ಬಂದವಳು ಕೈಮುಗಿದು ತಿರುಗಿದೆ. ಪಕ್ಕದಲ್ಲಿ ಅಪ್ಪ ನಿಂತಿದ್ದ. ದಾರಿಯುದ್ದಕ್ಕೂ ಅವನು ಒಂದೇ ಮಾತು ಆಡಿದ್ದು. "ಹತ್ತಡಿ ಸರಿಯಾಗೇ ಇಟ್ಟಿದ್ನಲ್ಲೇ."

ಮನೆಗೆ ಬಂದ ಮೇಲೆ ನಾನು ಅಮ್ಮನಿಗೆ ಹೇಳಬಾರದೆಂದಿದ್ದೆ. ಆದರೆ ಮುಚ್ಚಿಡುವುದು ಅಪ್ಪನ ಜಾಯಮಾನವಲ್ಲ, ಉಣ್ಣುವಾಗ ಎಲ್ಲ ಹೇಳಿಬಿಟ್ಟ. ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನನಗೆ ಯಾರಾದ್ರೂ ಹೇಳ್ಬೇಕಿತ್ತು. ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಿದ್ದೆ," ಎಂದಳು. ಅವಳ ನಿದ್ದೆ ಅಂದಿನಿಂದ ಹೋಯಿತು. ಬೆಳಿಗ್ಗೆ ಬಂದು ಮಲಗುವ ಬದಲು ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಬಡಿಯುತ್ತ ಓಡಾಡುತ್ತಿದ್ದಳು. ಆ ಸದ್ದು ಕೇಳಲಾರದೆ ನಾನು ಅಂಗಡಿಯ ಬಾಗಿಲನ್ನು ಬೇಗ ತೆರೆಯುತ್ತಿದ್ದೆ.

ಅಪ್ಪ ಕಾರ್ಖಾನೆಗೆ ರಜೆ ಹಾಕಿ ಶೆಡ್ಡಿನ ಮೇಲೆ ಹತ್ತಿದ. ಬಳೆಯ ನೇರಕ್ಕೆ, ಎಸೆಯುವ ಗೆರೆಯವರೆಗೂ, ತಗಡನ್ನು ಕತ್ತರಿಸಿ ತೆಗೆದ. ಕೆಳಗೆ ಏಣಿ ಹಿಡಿದುಕೊಂಡು ನಿಂತವಳು ಅಮ್ಮ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಇಬ್ಬರ ಮುಖ ನೋಡಿ ನುಂಗಿಕೊಂಡೆ. "ರಜಾದಲ್ಲಿ ಬಂದಾಗ ಇಲ್ಲಿ ಅಭ್ಯಾಸ ಮಾಡ್ತಾನೆ. ಮುಂದಿನ ವರ್ಷಕ್ಕೆ ಸರಿಹೋಗುತ್ತೆ," ಎಂದ ಅಪ್ಪ, ಮುಖದ ಬೆವರು ಒರೆಸಿಕೊಳ್ಳುತ್ತ.

ಮುಂದಿನ ವರ್ಷ ಇರಲಿಲ್ಲ. ಕ್ಲಬ್ಬಿನವರು ನಮಸ್ಕಾರ ಹೇಳಿದರು. ಬೇರೆ ಕ್ಲಬ್ಬುಗಳಿಗೂ ಆ ವಿಡಿಯೊಗಳು ಮೊದಲೇ ತಲುಪಿದ್ದವು, ಯಾರೂ ಕರೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬೀದಿಯವರು ನನ್ನ ಅಂಗಡಿಯಲ್ಲೇ ಕೂತು ಲೊಚಗುಟ್ಟಿದರು.

ಅವನು ಒಂದು ಮಧ್ಯಾಹ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದ. ಶೆಡ್ಡಿನೊಳಗೆ ಬಿಸಿಲು ಬಿದ್ದದ್ದು ನೋಡಿ ತಲೆಯೆತ್ತಿದ. ಮೇಲೆ ಆಕಾಶ ಕಾಣುತ್ತಿತ್ತು.

"ಏನಪ್ಪ ಇದು? ಮಳೆ ಬಂದ್ರೆ?"

"ಬರ್ಲಿ ಬಿಡು," ಎಂದು ಅಪ್ಪ ಮೂಲೆಯಿಂದ ಹಳೆಯ ಚೆಂಡು ತಂದು ಅವನ ಕೈಗಿಟ್ಟ. ಗಾಳಿ ತುಂಬಿಸಿ ಇಟ್ಟಿದ್ದ.

ತಮ್ಮನಿಗೆ ಎಲ್ಲ ಅರ್ಥವಾಯಿತು. ಅವನ ಮುಖ ನೋಡಲು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ಅಮ್ಮ ಹೊಸಿಲಿಗೆ ಬಂದು ನಿಂತಳು.

"ಹಾಕೋ. ಎತ್ತರಕ್ಕೆ ಹಾಕು. ನಾನು ಎದ್ದಿದೀನಿ."

ಅವನು ಚೆಂಡೆತ್ತಿದ. ಮೇಲಿನ ಬಯಲನ್ನು ನೋಡಿದ. ಎಸೆದ. ಚೆಂಡು ತನ್ನ ಹಳೆಯ ಗೆರೆಯಲ್ಲೇ ನೇರ ಹೋಗಿ, ಇಲ್ಲದ ತಗಡಿನ ಕೆಳಗೆ ತೂರಿಕೊಂಡು ಬುಟ್ಟಿಗೆ ಬಿತ್ತು. ಇನ್ನೊಂದು ಸಲವೂ ಹಾಗೇ. ಮತ್ತೊಂದು ಸಲವೂ ಹಾಗೇ.

"ಎದ್ದಿದೀನಿ ಅಂತ ಹೇಳ್ಲಿಲ್ವೇನೋ!" ಅಮ್ಮ ಕೂಗಿದಳು. ಆ ಮನೆಯಲ್ಲಿ ಹಗಲು ಹೊತ್ತು ಯಾರಾದರೂ ಕೂಗಿದ್ದು ಅದೇ ಮೊದಲು. ಅಪ್ಪನ ಕಬ್ಬಿಣದ ಸರಳೊಂದನ್ನು ಎತ್ತಿಕೊಂಡು, ಕತ್ತರಿಸಿ ಗೋಡೆಗೆ ಒರಗಿಸಿದ್ದ ತಗಡಿಗೆ ಬಡಿಯತೊಡಗಿದಳು. "ನೋಡು, ಎಷ್ಟು ಬೇಕಾದ್ರೂ ಸದ್ದು ಮಾಡು! ನೋಡು!" ಒಂದೊಂದು ಏಟಿಗೂ ನನ್ನ ತಮ್ಮ, ಆರೂವರೆ ಅಡಿಯ ಆಳು, ಕತ್ತು ಒಳಗೆಳೆದುಕೊಂಡು ಬೆಚ್ಚುತ್ತಿದ್ದ. ಚೆಂಡನ್ನು ಎದೆಗವಚಿಕೊಂಡಿದ್ದ.

"ಸಾಕಮ್ಮ," ಎಂದ. "ಆಗಲ್ಲ. ನೀನು ಹೋಗಿ ಮಲ್ಕೋ. ರಾತ್ರಿ ಡ್ಯೂಟಿ ಇದೆಯಲ್ಲ."

ಅಮ್ಮ ಸರಳನ್ನು ಸದ್ದಾಗದ ಹಾಗೆ ನೆಲದ ಮೇಲಿಟ್ಟಳು. ಒಳಗೆ ಹೋಗಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅಪ್ಪ ಅಳತೆಪಟ್ಟಿಯನ್ನು ಜೇಬಿನಿಂದ ತೆಗೆದು, ಏನು ಮಾಡಬೇಕೆಂದು ತಿಳಿಯದೆ, ಮತ್ತೆ ಜೇಬಿಗೆ ಹಾಕಿಕೊಂಡ.

ಸ್ವಲ್ಪ ಹೊತ್ತಾದ ಮೇಲೆ ತಮ್ಮ ನನ್ನ ಕಡೆ ನೋಡಿ, ಚಿಕ್ಕಂದಿನ ಹಾಗೆ ಬೆರಳಿಂದ ಸನ್ನೆ ಮಾಡಿದ. ನಾನು ಹೋಗಿ ಬಳೆಯ ಕೆಳಗೆ ನಿಂತೆ. ಅವನು ಎಸೆದ, ನಾನು ಹಿಡಿದೆ. ಒಂದೂ ತಪ್ಪಲಿಲ್ಲ. ಒಳಗೆ ಅಮ್ಮ ನಿದ್ದೆ ಮಾಡುತ್ತಿಲ್ಲವೆಂದು ಮೂವರಿಗೂ ಗೊತ್ತಿತ್ತು. ಆದರೂ ಚೆಂಡು ನೆಲಕ್ಕೆ ಬೀಳದ ಹಾಗೆ ನಾನು ಹಿಡಿಯುತ್ತಲೇ ಇದ್ದೆ.