ಮೊಯ್ದು ಕೆತ್ತಿದ ಬೀಸುಬಲೆ

ಉಳ್ಳಾಲದ ಮೊಯ್ದು ಬಾಗಿಲುಗಳ ಮೇಲೆ ಬಳ್ಳಿ, ಹೂವು ಕೆತ್ತುವುದರಲ್ಲಿ ಎತ್ತಿದ ಕೈ. ಆದರೆ ಸೌದಿಯ ಅಲ್ ಖೋಬರಿನ ಮರದ ಕಾರ್ಖಾನೆಗೆ ಬಂದು ಮೂರು ವರ್ಷವಾದರೂ ಅವನು ಮಾಡಿದ್ದು ಯಂತ್ರಗಳನ್ನು ತುಂಬುವ ಪೆಟ್ಟಿಗೆಗಳನ್ನು ಮಾತ್ರ.

೧೯೮೫ರ ಜನವರಿಯ ಒಂದು ಬೆಳಿಗ್ಗೆ ಮೊರಿತಾ ಎಂಬ ಜಪಾನಿ ಇಂಜಿನಿಯರ್ ಬಿರುಕುಬಿಟ್ಟ ಹಲಗೆಯೊಂದನ್ನು ಎದೆಗವಚಿಕೊಂಡು ಅಲ್ಲಿಗೆ ಬಂದರು. ಅವರ ತಂದೆ ಮರದ ಅಚ್ಚುಗಳಿಂದ ಚಿತ್ರ ಮುದ್ರಿಸುತ್ತಿದ್ದವರು. ತಂದೆಯ ಕಾಲದ ಆ ಕಪ್ಪುಗೆರೆಯ ಅಚ್ಚು ಏಸಿಯ ಒಣಗಾಳಿಗೆ ನಡುವೆ ಸೀಳಿತ್ತು; ಬಣ್ಣ ಒತ್ತುವ ಅಚ್ಚುಗಳು ಮಾತ್ರ ಸರಿಯಾಗಿ ಉಳಿದಿದ್ದವು. ದೋಣಿಯ ತುದಿಯಲ್ಲಿ ನಿಂತ ಮೀನುಗಾರ ಬಲೆ ಬೀಸುವ ಚಿತ್ರ. ಬಲೆಯ ಒಂದೊಂದು ಎಳೆಯೂ ಕೂದಲಿನಷ್ಟು ಸಣ್ಣ. ಇನ್ನು ಹನ್ನೆರಡು ದಿನಕ್ಕೆ ಅವರ ಕಂಪನಿಯ ಸಭಾಂಗಣದಲ್ಲಿ ಪ್ರದರ್ಶನ. ಮೊರಿತಾ ಬಳಿ ಇದ್ದದ್ದು ಜಪಾನಿನಿಂದ ತಂದ ಇನ್ನೊಂದೇ ಒಂದು ಚೆರ್ರಿ ಹಲಗೆ.

"ಇಲ್ಲಿ ಪೆಟ್ಟಿಗೆ ಮಾಡುವವರು ಮಾತ್ರ ಸಾರ್," ಎಂದ ಮೇಸ್ತ್ರಿ ಅಬ್ದುಲ್ ಲತೀಫ್.

ಮೊಯ್ದು ಸುತ್ತಿಗೆ ಕೆಳಗಿಟ್ಟ. "ನಾನು ಕೆತ್ತುತ್ತೇನೆ."

"ನಿನಗೆಂತ ಮಂಡೆ ಸಮ ಇಲ್ಲವಾ ಮಾರಾಯ? ಹಾಳಾದರೆ ಕಫೀಲ್ ಧಣಿ ನಿನ್ನನ್ನು ಊರಿಗೆ ಅಟ್ಟಿಯಾನು!"

"ಹಾಳಾದರೆ ನಾನೇ ಹೋಗುತ್ತೇನೆ. ಬೀಸುಬಲೆ ನೋಡುತ್ತಾ ಬೆಳೆದವ ನಾನು."

ಹಳೆಯ ಪ್ರತಿಯೊಂದರಿಂದ ತೆಳುಕಾಗದಕ್ಕೆ ಇಳಿಸಿದ ಚಿತ್ರವನ್ನು ಮೊರಿತಾ ಹಲಗೆಗೆ ಬೋರಲಾಗಿ ಅಂಟಿಸಿಕೊಟ್ಟರು. ಗೆರೆಯ ಎರಡು ಬದಿಯ ಮರ ತೆಗೆಯಬೇಕು, ಗೆರೆ ಮಾತ್ರ ಎದ್ದು ನಿಲ್ಲಬೇಕು. ದಿನವೂ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಮೊಯ್ದು ಮೊರಿತಾ ಮನೆಯ ಜಗಲಿಯಲ್ಲಿ ಕೂರುತ್ತಿದ್ದ. ಮೊದಲ ದಿನ ಅಂಚಿನ ಮರವನ್ನಷ್ಟೇ ತೆಗೆದ. ಮೂರನೆಯ ದಿನಕ್ಕೆ ಉಳಿ ಅವನ ಮಾತು ಕೇಳತೊಡಗಿತು. ಎಂಟನೆಯ ದಿನ ಬಲೆಯ ನಡುಮಧ್ಯದ ಒಂದು ಗಂಟು ಚಟ್ಟನೆ ಹಾರಿಹೋಯಿತು.

ಮೊರಿತಾ ಕಣ್ಣು ಮುಚ್ಚಿಕೊಂಡರು. ಮೊಯ್ದು ಸಣ್ಣ ಉಳಿ ಕೈಗೆತ್ತಿಕೊಂಡ. ಮುರಿದ ಕಡೆ ಅಕ್ಕಿಕಾಳಿನಷ್ಟು ಗುಂಡಿ ತೋಡಿದ. ಅದೇ ಹಲಗೆಯ ಅಂಚಿನಿಂದ ಚೂರೊಂದನ್ನು ಕೊಯ್ದು, ನಾರಿಗೆ ನಾರು ಹೊಂದಿಸಿ ಒತ್ತಿ ಕೂರಿಸಿದ. ಅದರ ಮೇಲೆ ಗಂಟನ್ನು ಹೊಸದಾಗಿ ಕೆತ್ತಿದ. ಮೊರಿತಾ ಭೂತಗನ್ನಡಿ ಹಿಡಿದು ಹುಡುಕಿದರು. ತೇಪೆ ಎಲ್ಲಿದೆಯೆಂದು ಗೊತ್ತಾಗಲಿಲ್ಲ.

ಹನ್ನೊಂದನೆಯ ದಿನ ಅಚ್ಚಿಗೆ ಕಪ್ಪು ಬಳಿದು, ಒದ್ದೆ ಕಾಗದ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ಒತ್ತುಬಿಲ್ಲೆಯಿಂದ ಮೊರಿತಾ ಉಜ್ಜಿದರು. ಕಾಗದ ಎತ್ತಿದಾಗ ಬಲೆ ಗಾಳಿಯಲ್ಲಿ ಅರಳಿ ನಿಂತಿತ್ತು, ಒಂದೇ ಒಂದು ಎಳೆ ತಪ್ಪದೆ. ಬಣ್ಣದ ಹಳೆಯ ಅಚ್ಚುಗಳನ್ನು ಒತ್ತಿದರೆ ನೀಲಿ ಗೆರೆಯಾಚೆ ಒಂದಿಷ್ಟೂ ಚೆಲ್ಲಲಿಲ್ಲ. ಮೊರಿತಾ ತಮ್ಮ ಭಾಷೆಯಲ್ಲಿ ಏನೋ ಕೂಗಿ, ಮೊಯ್ದುವಿನ ಎರಡು ಕೈಗಳನ್ನೂ ಹಿಡಿದುಕೊಂಡು ತಲೆಬಾಗಿದರು. ಮೊಹರು ಕೆತ್ತಲು ಚಿಕ್ಕ ಮರದ ತುಂಡೊಂದನ್ನು ಕೊಟ್ಟು, "ಯುವರ್ ನೇಮ್, ಯುವರ್ ಲೆಟರ್," ಎಂದರು.

ಪ್ರದರ್ಶನದ ದಿನ ಅಬ್ದುಲ್ ಲತೀಫ್ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದ. ಜಪಾನಿ ಅಕ್ಷರಗಳ ಪಕ್ಕದಲ್ಲಿ, ಕೆಂಪು ಬಣ್ಣದಲ್ಲಿ, ಕನ್ನಡ.

"ಮೊಯ್ದು!" ಎಂದು ಸಭಾಂಗಣಕ್ಕೆಲ್ಲ ಕೇಳುವಂತೆ ಓದಿದ. "ಇದು ನಮ್ಮ ಮೊಯ್ದು ಮಾರಾಯರೇ, ಉಳ್ಳಾಲದ ಮೊಯ್ದು!"

ಕಫೀಲ್ ತಾನೇ ಬಂದು ಮೊಯ್ದುವಿನ ಹೆಗಲ ಮೇಲೆ ಕೈಯಿಟ್ಟು, ಅತಿಥಿಗಳು ಕೂರುವ ನನ್ನ ಹೊಸ ಮಜ್ಲಿಸ್‌ಗೆ ಬಾಗಿಲು ಕೆತ್ತಿಕೊಡುತ್ತೀಯಾ ಎಂದು ಕೇಳಿದ. ಆಗಲಿ ಎಂದ ಮೊಯ್ದು. ಆದರೆ ಅವನ ಗಮನವೆಲ್ಲ ಚಿತ್ರದ ಮುಂದೆ ಸೇರಿದ ಜನರ ಮೇಲಿತ್ತು. ಅವರ ನಡುವೆ ದಾರಿ ಮಾಡಿಕೊಂಡು ಹೋಗಿ, ಬಲೆ ಬೀಸುವವನ ಮೊಣಕೈ ಯಾಕೆ ಅಷ್ಟು ಮೇಲಿದೆ ಎಂದು ತನ್ನದೇ ಕೈಯೆತ್ತಿ, ಗಟ್ಟಿ ದನಿಯಲ್ಲಿ ವಿವರಿಸತೊಡಗಿದ.